ಹದಿನಾಲ್ಕರ ಮುಂದೆ ಹತ್ತೊಂಬತ್ತು

ಏಪ್ರಿಲ್ 1, ಸೋಮವಾರ

ಗುಡುಗಮ್ಮ ತೀರಿಕೊಂಡಳು. ಹದಿನಾಲ್ಕು ವರ್ಷ ಈ ಮನೆಯ ಬಟ್ಟೆ ಒಗೆದು, ಹಿಂಡುವಾಗಲೆಲ್ಲ ಇಡೀ ಕಟ್ಟಡ ನಡುಗಿಸಿ, ಕೆಳಮನೆಯವರಿಂದ ದಿನಕ್ಕೊಂದು ಶಾಪ ಹಾಕಿಸಿಕೊಂಡು ಬಾಳಿದ ಜೀವ, ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಅಜ್ಜಿಯ ಎರಡು ಚಾದರ ಹೊಟ್ಟೆಯಲ್ಲಿಟ್ಟುಕೊಂಡೇ ಕೊನೆಯುಸಿರೆಳೆಯಿತು. ಆ ವಾಷಿಂಗ್ ಮೆಷಿನ್ನಿಗೆ ಹೆಸರಿಟ್ಟವಳು ನಾನಾದ್ದರಿಂದ ಮರಣವಾರ್ತೆ ಬರೆಯುವ ಹೊಣೆಯೂ ನನ್ನದೇ.

ರಿಪೇರಿಯವನು ಬಂದು ಹಿಂದಿನ ತಗಡು ಬಿಚ್ಚಿದ. ಡ್ರಮ್ಮನ್ನು ಕೈಯಲ್ಲಿ ತಿರುಗಿಸಿ, ಡಾಕ್ಟರು ತಲೆಯಾಡಿಸುವ ಹಾಗೆ ತಲೆಯಾಡಿಸಿದ. ಬೇರಿಂಗ್ ಹೋಗಿದೆ, ಒಳಗೆಲ್ಲ ತುಕ್ಕು, ಬಿಡಿಭಾಗ ಈಗ ಎಲ್ಲೂ ಸಿಗುವುದಿಲ್ಲ. ಹಾಗಾದರೆ ಹೊಸದು ಎಂಥದು ತಗೊಳ್ಳಲಿ ಎಂದು ಅಪ್ಪ ಕೇಳಿದರು.

"ಹಾಡು ಹೇಳೋದು, ಬಣ್ಣದ ದೀಪ ಮಿನುಗಿಸೋದು ಬೇಡ ಸಾರ್. ಬಟನ್ ಕಮ್ಮಿ ಇರಬೇಕು, ಎತ್ತೋಕೆ ಹೋದ್ರೆ ಸೊಂಟ ಹಿಡ್ಕೋಬೇಕು. ಅಂಥದ್ದು ಬಾಳಿಕೆ ಬರುತ್ತೆ."

ಸಂಜೆ ಅಜ್ಜಿಯ ಕೋಣೆಯಲ್ಲಿ ಸೇರಿ ವಾಷಿಂಗ್ ಮೆಷಿನ್ ಆಯ್ಕೆ ಸಮಿತಿಯನ್ನು ರಚಿಸಲಾಯಿತು. ಅಧ್ಯಕ್ಷರು ಅಪ್ಪ. ಗೌರವಾಧ್ಯಕ್ಷೆ ಅಜ್ಜಿ, ಅಂದರೆ ಅಪ್ಪನ ತಾಯಿ; ಸೊಂಟ ಮುರಿದುಕೊಂಡು ವರ್ಷದಿಂದ ಹಾಸಿಗೆ ಬಿಟ್ಟೇಳದ ಕಾರಣ ಸಭೆಗೆ ಗೈರಾಗುವ ಭಯವಿಲ್ಲ. ಕಾರ್ಯದರ್ಶಿ ನಾನು, ಪರೀಕ್ಷೆ ಮುಗಿಸಿ ಫಲಿತಾಂಶ ಕಾಯುತ್ತ ಮನೆಯಲ್ಲಿ ಬಿದ್ದಿರುವುದೇ ನನ್ನ ಅರ್ಹತೆ. ಅಮ್ಮನಿಗೆ ಹುದ್ದೆಯಿಲ್ಲ. ಹೊಸದು ಬರುವ ತನಕ ಒಗೆಯುವವಳು ಅವಳು.

ಏಪ್ರಿಲ್ 4, ಗುರುವಾರ

ಅಧ್ಯಕ್ಷರ ಕಾರ್ಯವೈಖರಿಯನ್ನು ಮುಂದಿನ ತಲೆಮಾರಿಗಾಗಿ ದಾಖಲಿಸುತ್ತಿದ್ದೇನೆ.

ಅಪ್ಪ ಪುಸ್ತಕ ಬೈಂಡಿಂಗ್ ಮಾಡುವವರು. ಜಗತ್ತಿನ ಯಾವ ವಸ್ತುವನ್ನಾದರೂ ಬೆನ್ನು ನೋಡಿ, ಹೊಲಿಗೆ ನೋಡಿ ಅಳೆಯುವವರು. ಅಕ್ಕಪಕ್ಕದವರೆಲ್ಲ ಅಂಗಡಿಗೆ ಹೋಗಿ ಮೆಷಿನ್ನಿನ ಬಾಗಿಲು ತೆರೆದು ಮುಚ್ಚಿ ನೋಡಿದರೆ, ಅಪ್ಪ ಅದರ ಜೊತೆ ಕೊಡುವ ಕೈಪಿಡಿಯನ್ನು ಕೇಳಿ ಮನೆಗೆ ತರುತ್ತಾರೆ. ಓದುವುದಿಲ್ಲ. ಪುಟ ಎಣಿಸುತ್ತಾರೆ, ಪಿನ್ನು ಅಲುಗಾಡಿಸುತ್ತಾರೆ, ಅಂಚಿನ ಮೇಲೆ ಹೆಬ್ಬೆರಳು ಸವರುತ್ತಾರೆ. ಕೈಪಿಡಿ ನೆಟ್ಟಗೆ ಕಟ್ಟದವನು ಮೆಷಿನ್ ನೆಟ್ಟಗೆ ಕಟ್ಟಲಾರ ಎಂಬುದು ಅವರ ಸಿದ್ಧಾಂತ. ಇವತ್ತು ಎರಡು ತಂದಿದ್ದರು. ಒಂದರ ರಕ್ಷಾಪುಟ ಕೂದಲೆಳೆಯಷ್ಟು ಸೊಟ್ಟ. ಇನ್ನೊಂದರ ಪಿನ್ನಿಗೆ ತುಕ್ಕು. "ಪಿನ್ನಿಗೇ ತುಕ್ಕು ಹಿಡಿಸಿದವರು ಡ್ರಮ್ಮಿಗೆ ಬಿಡ್ತಾರಾ?" ಎಂದು ಎರಡನ್ನೂ ತಿರಸ್ಕರಿಸಿದರು. ಬಚ್ಚಲಿನಲ್ಲಿ ಅಮ್ಮ ಬಟ್ಟೆ ಬಡಿಯುವ ಸದ್ದು ಜೋರಾಯಿತು. ನಡಾವಳಿಯಲ್ಲಿ ಅದನ್ನು "ಸದಸ್ಯೇತರರ ಆಕ್ಷೇಪಣೆ" ಎಂದು ಬರೆದುಕೊಂಡೆ.

ದಿನಕ್ಕೆ ನಾಲ್ಕು ಚಾದರ, ಕೆಲವೊಮ್ಮೆ ಐದು. ಎಲ್ಲ ಅಜ್ಜಿಯದೇ. ಡೈಪರ್ ಹಾಕಿದರೆ ಅವಳ ಚರ್ಮ ಸುಲಿದು ಬರುತ್ತದೆ. ಲಾಂಡ್ರಿಗೆ ಕೊಡೋಣವೆಂದರೆ, "ನನ್ನ ಹಾಸಿಗೆ ಕಥೆ ಊರಿಗೆಲ್ಲ ಯಾಕೆ?" ಎಂದು ಗೋಡೆ ಕಡೆ ತಿರುಗುತ್ತಾಳೆ. ಅಮ್ಮನ ಬೆರಳ ಸಂದಿಗಳು ಸೋಪಿಗೆ ಬಿರಿದಿವೆ. ಒಗೆದಾದ ಮೇಲೆ ಅಜ್ಜಿಯ ಕಿಟಕಿಯಲ್ಲಿರುವ ಲೋಳೆಸರದ ಕುಂಡದಿಂದ ಒಂದು ಚೂರು ಮುರಿದು ಹಚ್ಚಿಕೊಳ್ಳುತ್ತಾಳೆ.

ಏಪ್ರಿಲ್ 10, ಬುಧವಾರ

ಇವತ್ತು ಒಂದು ರಹಸ್ಯ ಒಪ್ಪಂದಕ್ಕೆ ಸಹಿ ಬಿತ್ತು.

ನನ್ನ ತರಲೆತನ ಬಂದದ್ದು ಅಜ್ಜಿಯ ಕಡೆಯಿಂದ ಎಂದು ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರೆ. ನನಗೆ "ತರಲೆ" ಅಂತಲೇ ಹೆಸರಿಟ್ಟವಳೂ ಅವಳೇ. ಅಪ್ಪ ಚಿಕ್ಕವರಿದ್ದಾಗ ಅವರ ಚಪ್ಪಲಿಯೊಳಗೆ ಹಸಿ ಮೊಟ್ಟೆ ಇಟ್ಟ ತಾಯಿ. ಅಂಥವಳು ಬೆಳಿಗ್ಗೆ ನನ್ನನ್ನು ಹತ್ತಿರ ಕರೆದು, ಅಮ್ಮ ಇಟ್ಟುಹೋದ ನೀರಿನ ಲೋಟ ಕೈಗೆ ಕೊಟ್ಟಳು.

"ಮಾತ್ರೆ ನುಂಗೋಕೆ ಎರಡು ಗುಟುಕು ಸಾಕು ಕಣೇ. ಉಳಿದದ್ದು ಕುಂಡಕ್ಕೆ ಹಾಕು. ಅಮ್ಮ ಬಂದು ಖಾಲಿ ಲೋಟ ನೋಡಿ ಖುಷಿ ಪಡ್ತಾಳೆ, ನೋಡ್ತಿರು."

ಯಾಕಜ್ಜಿ ಎಂದು ಕೇಳಿದೆ. ನೀರು ಸಪ್ಪೆ, ಈ ವಯಸ್ಸಲ್ಲಿ ಸಪ್ಪೆ ಸಾಮಾನು ಯಾರಿಗೆ ಬೇಕು ಅಂದಳು. ಇನ್ನು ದಿನಾ ಪ್ರತಿ ಲೋಟಕ್ಕೂ ಇದೇ ಏರ್ಪಾಡು, ಯಾರಿಗಾದರೂ ಹೇಳಿದರೆ ನನ್ನ ಮೂಗು ಉದುರಿಹೋಗಲಿ ಎಂದು ಆಣೆ ಹಾಕಿಸಿದಳು. ಅಮ್ಮ ಬಂದಳು, ಲೋಟ ನೋಡಿದಳು, "ಅತ್ತೆ ಇವತ್ತು ಒಳ್ಳೇ ಮಗು," ಅಂದಳು. ಅಜ್ಜಿ ನನ್ನ ಕಡೆ ಕಣ್ಣು ಹೊಡೆದಳು. ನಗು ತಡೆಯಲಾರದೆ ನಾನು ಕಿಟಕಿಯಿಂದ ಹೊರಗೆ ನೋಡಬೇಕಾಯಿತು.

ಏಪ್ರಿಲ್ 14, ಭಾನುವಾರ

ನನ್ನ ಜೀವನದ ಶ್ರೇಷ್ಠ ಕೃತಿ ಇವತ್ತು ಪ್ರದರ್ಶನಗೊಂಡಿತು.

ನಿನ್ನೆ ಅಪ್ಪ ಮೂರನೇ ಕೈಪಿಡಿ ತಂದಿದ್ದರು. ಮೆಷಿನ್ ಐದೇ ಬಟನ್ನಿನದು, ಅಂಗಡಿಯಲ್ಲಿ ಇಬ್ಬರು ಸೇರಿ ಸರಿಸಿದರೂ ಅಲುಗಲಿಲ್ಲವಂತೆ. ರಿಪೇರಿಯವನನ್ನು ಕೇಳಿದರೆ, ಆ ಮಾದರಿ ಬಿಚ್ಚೋಕೆ ಅಂತ ತನ್ನನ್ನು ಇನ್ನೂ ಯಾರೂ ಕರೆದಿಲ್ಲ ಎಂದನಂತೆ. ಇವತ್ತು ಕೈಪಿಡಿ ಪರೀಕ್ಷೆ, ನಾಳೆ ಹಣ ಕಟ್ಟುವುದು ಎಂದಾಗಿತ್ತು. ನನಗೆ ಸಂಕಟವಾಯಿತು. ಇಷ್ಟು ಬೇಗ ಸಮಿತಿ ಮುಗಿದುಹೋದರೆ ಕಾರ್ಯದರ್ಶಿಯ ಗತಿ?

ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದಾಗ ಕೈಪಿಡಿಯ ನಡು ಬಿಡಿಸಿ, ಎರಡೂ ಪಿನ್ನುಗಳ ಕಾಲನ್ನು ಚಾಕುವಿನ ತುದಿಯಿಂದ ಎಬ್ಬಿಸಿ, ನಡುವಿನ ಹಾಳೆಯನ್ನು ನಯವಾಗಿ ಎತ್ತಿ, ಪಿನ್ನನ್ನು ಮತ್ತೆ ಮಡಚಿಬಿಟ್ಟೆ. ಈ ಕೈಚಳಕ ಕಲಿಸಿದ್ದೇ ಅಪ್ಪ. ಒಂದು ಹಾಳೆ ಹೋದರೆ ನಾಲ್ಕು ಪುಟ ಮಾಯ.

ಸಭೆ ಸೇರಿತು. ಅಪ್ಪ ಎಣಿಸಿದರು. ಹದಿಮೂರು, ಹದಿನಾಲ್ಕು. ಹೆಬ್ಬೆರಳು ನಿಂತಿತು. ಮತ್ತೆ ಮೊದಲಿಂದ ಎಣಿಸಿದರು. ಆಮೇಲೆ ಕನ್ನಡಕ ತೆಗೆದು, ತೀರ್ಪು ಓದುವ ದನಿಯಲ್ಲಿ, "ಹದಿನಾಲ್ಕರ ಮುಂದೆ ಹತ್ತೊಂಬತ್ತು. ನಾಲ್ಕು ಪುಟ ನುಂಗಿದ ಕಂಪನಿ ನಮ್ಮ ಬಟ್ಟೆ ನುಂಗದೆ ಬಿಡುತ್ತಾ?" ಅಂದರು.

ಅಜ್ಜಿ ಕೆಮ್ಮು ಬರುವ ತನಕ ನಕ್ಕಳು. ಅಮ್ಮ ನಗಲಿಲ್ಲ. "ನಾಲ್ಕು ಪುಟ ಇಲ್ಲದಿದ್ರೆ ನಾನು ಹೇಗೋ ಓದ್ಕೋತೀನಿ, ಮೆಷಿನ್ ತನ್ನಿ," ಅಂದಳು. ಅಪ್ಪ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಊಟದ ಹೊತ್ತಿಗೆ ಗುಟ್ಟು ಬಿಚ್ಚಬೇಕೆಂದಿದ್ದೆ. ಆದರೆ ಅಪ್ಪ ಆ ವಾಕ್ಯವನ್ನು ಫೋನಿನಲ್ಲಿ ನಾಲ್ಕು ಜನಕ್ಕೆ ಹೇಳಿ ನಾಲ್ಕು ಸಲವೂ ಹೊಸದಾಗಿ ಖುಷಿಪಟ್ಟರು. ಅಂಥ ಸಂಭ್ರಮ ಕೆಡಿಸಲು ಮನಸ್ಸಾಗಲಿಲ್ಲ. ಹಾಳೆ ಸದ್ಯಕ್ಕೆ ಈ ದಿನಚರಿಯ ಅತಿಥಿ.

ಏಪ್ರಿಲ್ 17, ಬುಧವಾರ

ಹಾಳೆ ತಮಾಷೆಯಾಗಿ ಸಿಗುವ ಹಾಗೆ ಮಾಡೋಣವೆಂದು ಮೊದಲು ಅಂಗಡಿಗೆ ಹೋಗಿ ಆ ಮೆಷಿನ್ ಇನ್ನೂ ಇದೆಯೇ ಎಂದು ವಿಚಾರಿಸಿದೆ. ಅಂಗಡಿಯವನು, ಇದ್ದ ಒಂದನ್ನು ಸೋಮವಾರವೇ ಬೇರೆಯವರು ಒಯ್ದರು, ಮುಂದಿನ ಸರಕು ಬರುವುದು ಮೇ ತಿಂಗಳಲ್ಲಿ ಎಂದ. ಹೀಗಾದ ಮೇಲೆ ಸತ್ಯ ಹೇಳಿ ಬೈಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಸಮಿತಿಯ ಅವಧಿಯನ್ನು ವಿಸ್ತರಿಸಲಾಗಿದೆ ಎಂದು ಬರೆದುಕೊಳ್ಳುತ್ತೇನೆ.

ಪುಟ ತಪ್ಪಿದ ಕೈಪಿಡಿಯನ್ನು ಅಪ್ಪ ವಾಪಸ್ ಕೊಡಲಿಲ್ಲ. ಕೆಲಸ ಹೇಗೆ ಮಾಡಬಾರದು ಎಂದು ತೋರಿಸಲು ಇಟ್ಟುಕೊಂಡಿದ್ದಾರೆ.

ಏಪ್ರಿಲ್ 21, ಭಾನುವಾರ

ಅಮ್ಮನ ಬಲ ಮಣಿಕಟ್ಟು ಊದಿದೆ. ಬಟ್ಟೆ ಸುತ್ತಿಕೊಂಡು ಎಡಗೈಯಲ್ಲಿ ಒಗೆಯುತ್ತಾಳೆ. ಹಿಂಡುವುದು ನನ್ನ ಪಾಲಿಗೆ ಬಂತು. ಚಾದರದ ಒಂದು ತುದಿಯನ್ನು ನಲ್ಲಿಗೆ ಸಿಕ್ಕಿಸಿ ಇನ್ನೊಂದು ತುದಿಯಿಂದ ತಿರುಚಬೇಕು. ಇಲ್ಲದಿದ್ದರೆ ಅರ್ಧ ನೀರು ಒಳಗೇ ಉಳಿದು ತಂತಿ ಜಗ್ಗುತ್ತದೆ.

ತಂತಿ ಇರುವುದು ಅಜ್ಜಿಯ ಕಿಟಕಿಯ ಎದುರಿಗೇ. ಅವಳು ದಿನಾ ಬೆಳಿಗ್ಗೆ ಎಣಿಸುತ್ತಾಳೆಂದು ಇವತ್ತು ಗೊತ್ತಾಯಿತು. ನಾನು ಒಳಗೆ ಬಂದಾಗ, "ನಿನ್ನೆ ಮೂರು, ಇವತ್ತು ಎರಡು," ಅಂದಳು, ಪಂದ್ಯದಲ್ಲಿ ಗೆಲ್ಲುತ್ತಿರುವವಳ ಹಾಗೆ. ಈಗ ಲೋಟದಿಂದ ಒಂದೇ ಗುಟುಕು. ಲೋಳೆಸರ ಮಾತ್ರ ಪೊಗದಸ್ತಾಗಿ ಊದಿಕೊಂಡಿದೆ.

ಏಪ್ರಿಲ್ 25, ಗುರುವಾರ

ಒಂದೇ ಚಾದರ. ಅಮ್ಮನ ಮುಖ ಇಷ್ಟು ದಿನದಲ್ಲಿ ಮೊದಲ ಸಲ ಸಡಿಲವಾಗಿತ್ತು. "ಅತ್ತೆಗೆ ಸ್ವಲ್ಪ ಹಿಡಿತ ಬಂದ ಹಾಗಿದೆ," ಅಂದಳು.

ಅಜ್ಜಿ ಮಧ್ಯಾಹ್ನವೆಲ್ಲ ನಿದ್ದೆ. ಎದ್ದಾಗ ನನ್ನನ್ನು ದೊಡ್ಡತ್ತೆ, ಅಂದರೆ ಅಪ್ಪನ ಅಕ್ಕ, ಎಂದುಕೊಂಡು, ಮದುವೆಮನೆಗೆ ಯಾವಾಗ ಹೊರಡುವುದು ಎಂದು ಕೇಳಿದಳು. ನಾಲಗೆ ಅಂಗುಳಕ್ಕೆ ಅಂಟಿಕೊಂಡ ಹಾಗೆ ಮಾತು. ನಟನೆ ಚೆನ್ನಾಗಿತ್ತು. ನಾನೂ ಬಿಡಲಿಲ್ಲ, ದೊಡ್ಡತ್ತೆಯ ದನಿಯಲ್ಲೇ ಉತ್ತರ ಕೊಟ್ಟೆ. ಅವಳು ನಗಲಿಲ್ಲ. ಇಷ್ಟು ಹೊತ್ತು ನಗದೆ ನಟಿಸುವುದು ನನ್ನಿಂದಾಗದು.

ಲೋಳೆಸರದ ಬುಡ ಹಳದಿಯಾಗಿದೆ.

ಏಪ್ರಿಲ್ 29, ಸೋಮವಾರ

ಬೆಳಿಗ್ಗೆ ಬರೆದದ್ದು: ಇದೊಂದು ಐತಿಹಾಸಿಕ ದಿನ. ತಂತಿಯ ಮೇಲೆ ಅಜ್ಜಿಯ ಚಾದರ ಒಂದೂ ಇಲ್ಲ. ಅಧ್ಯಕ್ಷರು, ಇನ್ನು ಮೆಷಿನ್ನಿಗೆ ಅವಸರವಿಲ್ಲ, ನಿಧಾನವಾಗಿ ಒಳ್ಳೆಯದನ್ನೇ ನೋಡೋಣ ಎಂದು ಘೋಷಿಸಿದರು.

ಮಧ್ಯಾಹ್ನ ಅಮ್ಮ ಎಬ್ಬಿಸಲು ಹೋದರೆ ಅಜ್ಜಿ ಏಳಲಿಲ್ಲ. ಕಣ್ಣು ಅರ್ಧ ತೆರೆದಿತ್ತು. ಆಂಬ್ಯುಲೆನ್ಸಿನವರು ಹೊತ್ತುಕೊಂಡು ಮೆಟ್ಟಿಲಿಳಿಯುವಾಗ ಅವಳ ಕೈ ಹೊರಗೆ ಜೋತಾಡುತ್ತಿತ್ತು. ಒಳಗಿಡಲು ಹೋದೆ. ಚರ್ಮ ಕಾಗದದ ಹಾಗೆ ಮಡಿಕೆ ಬಿದ್ದು, ಹಾಗೇ ನಿಂತಿತು.

ಮೇ 1, ಬುಧವಾರ

ಮೂತ್ರಪಿಂಡ ಎರಡೂ ನಿಂತಿವೆಯಂತೆ. ದಿನಕ್ಕೆ ಎಷ್ಟು ನೀರು ಕುಡಿಯುತ್ತಿದ್ದರು ಎಂದು ಡಾಕ್ಟರು ಅಮ್ಮನನ್ನು ಕೇಳಿದರು. ಆರು ಲೋಟ, ನಾನೇ ಇಡ್ತಿದ್ದೆ ಅಂದಳು ಅಮ್ಮ. ಡಾಕ್ಟರು ಕೈಯಲ್ಲಿದ್ದ ಚೀಟಿ ನೋಡಿ, "ಆರು ಲೋಟ ಕುಡಿದವರ ರಕ್ತ ಹೀಗೆ ಬರಲ್ಲಮ್ಮ," ಅಂದರು.

"ಲೋಟ ಖಾಲಿಯಾಗೇ ಬರ್ತಿತ್ತು ಡಾಕ್ಟ್ರೇ."

ದೊಡ್ಡತ್ತೆ ಆಗಷ್ಟೇ ಬಸ್ಸಿಳಿದು ಬಂದು ಬಾಗಿಲಲ್ಲಿ ನಿಂತಿದ್ದರು. ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. ನಾಲ್ಕು ಗಂಟೆ ಇಪ್ಪತ್ತು ನಿಮಿಷ.

ಮೇ 2, ಗುರುವಾರ

ಅಜ್ಜಿ ಹೋದಳು.

ಮೇ 6, ಸೋಮವಾರ

ಬಂದವರೆಲ್ಲ ಹೋದರು. ದೊಡ್ಡತ್ತೆ ಉಳಿದಿದ್ದಾರೆ.

ಯಾರೂ ಜೋರಾಗಿ ಮಾತಾಡುವುದಿಲ್ಲ. ದೊಡ್ಡತ್ತೆ ಅಪ್ಪನ ಹತ್ತಿರ ಹೇಳಿದ್ದು ಅಡುಗೆಮನೆಗೆ ಕೇಳುವಷ್ಟೇ ಇತ್ತು. "ಹಾಸಿಗೆ ಒದ್ದೆ ಮಾಡ್ತಾಳೆ ಅಂತ ನನ್ನ ತಾಯಿಗೆ ನೀರೇ ಕೊಟ್ಟಿಲ್ಲ ನಿನ್ನ ಹೆಂಡತಿ. ನಾಲ್ಕು ಚಾದರ ಒಗೆಯೋ ಕಷ್ಟಕ್ಕೆ." ಅಪ್ಪ ಹಾಗಲ್ಲ ಎನ್ನಬಹುದಿತ್ತು. ಅನ್ನಲಿಲ್ಲ.

ಅಮ್ಮ ತರಕಾರಿ ಹೆಚ್ಚುತ್ತಿದ್ದಳು. ಹೆಚ್ಚುತ್ತಲೇ ಇದ್ದಳು. ಸತ್ಯ ಬಾಯಿವರೆಗೆ ಬಂತು ನನಗೆ. ನೀರು ಕುಡಿದು ನುಂಗಿದೆ.

ಮೇ 8, ಬುಧವಾರ

ಅಜ್ಜಿಯ ಕಿಟಕಿಯಲ್ಲಿ ಕುಂಡ ಇಲ್ಲ. ದುಂಡನೆಯ ಒದ್ದೆ ಗುರುತು ಮಾತ್ರ ಉಳಿದಿದೆ. ಕೋಣೆ ಗುಡಿಸುವಾಗ ಯಾರೋ ಎಸೆದಿರಬೇಕು. ಒಂದು ಕ್ಷಣ ಎದೆ ಹಗುರವಾಯಿತು. ಹಾಗೆ ಹಗುರವಾದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ, ಬೇರೆ ಎಲ್ಲೂ ಹೇಳಲಾರೆ.

ದೊಡ್ಡತ್ತೆ ಈಗ ಅಮ್ಮ ಕೊಟ್ಟ ನೀರು ಕುಡಿಯುವುದಿಲ್ಲ. ಎದ್ದುಹೋಗಿ ತಾವೇ ಬಗ್ಗಿಸಿಕೊಳ್ಳುತ್ತಾರೆ.

ಮೇ 12, ಭಾನುವಾರ

ಮೆಷಿನ್ ಬಂತು. ಐದು ಬಟನ್ನಿನದೇ, ಅದೇ ಅಂಗಡಿಯದೇ. ಸರಕು ಬಂದಿದೆ ಎಂದು ಅಂಗಡಿಯವನು ಫೋನ್ ಮಾಡಿದನಂತೆ, ಅಪ್ಪ ಹೂಂ ಅಂದರಂತೆ. ಮೂರು ಜನ ಮೆಟ್ಟಿಲೇರಿಸಿದರು. ಹತ್ತು ವರ್ಷದ ಗ್ಯಾರಂಟಿ, ಹದಿನೈದು ವರ್ಷ ಮುಟ್ಟಿ ನೋಡಬೇಕಿಲ್ಲ ಎಂದು ಜೋಡಿಸಲು ಬಂದವನು ಹೇಳಿದ.

ಹೊಸ ಕೈಪಿಡಿ ಪ್ಲಾಸ್ಟಿಕ್ ಚೀಲದಲ್ಲೇ ಇದೆ. ಅಪ್ಪ ಪುಟ ಎಣಿಸಲಿಲ್ಲ.

ಮೇ 13, ಸೋಮವಾರ

ಎಲ್ಲವನ್ನೂ ನಡೆದ ಹಾಗೆ ಬರೆಯಬೇಕು.

ಅಮ್ಮ ಬೀರುವಿನಿಂದ ಅಜ್ಜಿಯ ಚಾದರಗಳನ್ನೆಲ್ಲ ತೆಗೆದು, ಒಮ್ಮೆ ಒಗೆದು ಕಟ್ಟಿಡೋಣ ಎಂದು ಮೆಷಿನ್ನಿಗೆ ಹಾಕಿ ಬಟನ್ ಒತ್ತಿದಳು. ಅದು ಗೊರ್ ಎಂದಿತು, ನಿಂತಿತು, ಕೂಗತೊಡಗಿತು. ಆರಿಸಿ ಮತ್ತೆ ಹಾಕಿದಳು. ಮತ್ತೆ ಕೂಗು. ಅಪ್ಪ ಬಂದರು. ದೊಡ್ಡತ್ತೆ, ಹೊಸದೂ ಕೆಟ್ಟೋಯ್ತಾ ಎನ್ನುತ್ತ ಬಂದರು. ಅಪ್ಪ ಕೈಪಿಡಿ ಎಲ್ಲಿ ಎಂದು ಹುಡುಕುವಾಗ ನಾನು ಕೋಣೆಗೆ ಹೋಗಿ ಈ ಪುಸ್ತಕದೊಳಗಿದ್ದ ಹಾಳೆ ತಂದೆ. ಯಾಕೆ ತಂದೆನೋ ಗೊತ್ತಿಲ್ಲ. ಆ ಕೂಗು ನಿಲ್ಲಬೇಕಿತ್ತು ಅಷ್ಟೆ.

ಹದಿನೇಳನೇ ಪುಟ. ಇಷ್ಟು ದಿನದಲ್ಲಿ ಎಷ್ಟೋ ಸಲ ಓದಿದ್ದೆ. ಈಗ ಓದಿ ಹೇಳಿದೆ. "ನೀರು ಬಾರದಿದ್ದಲ್ಲಿ ಯಂತ್ರವು ತಾನಾಗಿ ನಿಂತು, ನೀರು ಬರುವವರೆಗೆ ಕೂಗುತ್ತದೆ. ಮೊದಲು ನಲ್ಲಿ ತೆರೆದಿದೆಯೇ ನೋಡಿ."

ಅಪ್ಪ ಹಾಳೆ ಕೈಗೆ ತೆಗೆದುಕೊಂಡರು. ಮಡಿಕೆಯ ಮೇಲಿದ್ದ ಪಿನ್ನಿನ ನಾಲ್ಕು ತೂತುಗಳ ಮೇಲೆ ಹೆಬ್ಬೆರಳು ಸವರಿದರು. ಹರಿದದ್ದಲ್ಲ, ಬಿಚ್ಚಿದ್ದು ಎಂದು ಅವರ ಬೆರಳಿಗೆ ಗೊತ್ತಾಯಿತು. ತಲೆಯೆತ್ತಿ ನನ್ನನ್ನು ನೋಡಿದರು.

ಆಗ ಹೇಳಿದೆ. ಹಾಳೆ ತೆಗೆದದ್ದು ಹೇಳಿದೆ. ಲೋಟದ ನೀರು ಕುಂಡಕ್ಕೆ ಹಾಕಿದ್ದು, ಅಜ್ಜಿ ಕಣ್ಣು ಹೊಡೆದದ್ದು, ತಂತಿಯ ಮೇಲಿನ ಚಾದರ ಎಣಿಸುತ್ತಿದ್ದದ್ದು, ಆಣೆ ಹಾಕಿಸಿದ್ದು. ದಿನಕ್ಕೆ ಆರು ಲೋಟ, ಹತ್ತೊಂಬತ್ತು ದಿನ. ಮೆಷಿನ್ ಕೂಗುತ್ತಲೇ ಇತ್ತು, ಅದಕ್ಕಿಂತ ಜೋರಾಗಿ ಹೇಳಬೇಕಾಯಿತು.

ದೊಡ್ಡತ್ತೆ ಅಪ್ಪನ ಕಡೆ ತಿರುಗಿದರು. "ನೋಡಿದ್ಯಾ, ತಾಯಿನ ಉಳಿಸೋಕೆ ಹೇಗೆ ಕಥೆ ಕಟ್ತಾಳೆ. ಸಾವಿನ ಮನೇಲೂ ತರಲೆ."

ಅಮ್ಮ ಮೆಷಿನ್ನಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. "ಕಥೆ ಅಲ್ಲ ಅತ್ತಿಗೆ," ಅಂದಳು. "ಕುಂಡ ಎಸೆದದ್ದು ನಾನು. ಗಿಡ ಹಿಡಿದರೆ ಬುಡದಿಂದ ಕಳಚಿ ಕೈಗೆ ಬಂತು. ಮಣ್ಣೆಲ್ಲ ಕೊಳೆತ ನೀರು. ಆಗಲೇ ಗೊತ್ತಾಯ್ತು." ಆಮೇಲೆ ನನ್ನ ಕಡೆ ನೋಡಿದಳು. "ನೀನಾಗಿ ಹೇಳ್ತೀಯಾ ಅಂತ ನೋಡ್ತಿದ್ದೆ. ಐದು ದಿನ ನೋಡಿದೆ."

ಅಷ್ಟೇ ಅಂದದ್ದು. ಗೋಡೆಯ ಹತ್ತಿರ ಬಗ್ಗಿ, ಊದಿದ ಕೈಯಿಂದ ನಲ್ಲಿ ತಿರುಗಿಸಿದಳು. ಕೂಗು ನಿಂತಿತು. ಒಳಗೆ ನೀರು ಬೀಳುವ ಸದ್ದು ಕೇಳಿತು. ಅವಳು ಸೆರಗಿಗೆ ಕೈ ಒರೆಸಿಕೊಂಡು, ಅಭ್ಯಾಸಬಲದಿಂದ ಅಜ್ಜಿಯ ಕೋಣೆಯ ಕಿಟಕಿಯವರೆಗೆ ಹೋಗಿ, ಬರಿಗೈಯಲ್ಲಿ ವಾಪಸ್ ಬಂದಳು.

ದೊಡ್ಡತ್ತೆ ಅಮ್ಮನ ಕಡೆ ನೋಡದೆ, ತಮ್ಮ ಎರಡು ಬಟ್ಟೆ ಇವೆ, ಇದರಲ್ಲೇ ಹಾಕಬಹುದಾ ಎಂದು ನನ್ನನ್ನು ಕೇಳಿದರು.

ಅಪ್ಪ ಹಳೆಯ ಕೈಪಿಡಿ ಹುಡುಕಿ ತಂದು, ಪಿನ್ನು ಕಿತ್ತು ಹಾಕಿ, ಹಾಳೆಯನ್ನು ನಡುವೆ ಇಟ್ಟು, ದಾರಕ್ಕೆ ಮೇಣ ಸವರಿ ಹೊಲಿಯುತ್ತ ಕೂತರು. ನಾನು ಹತ್ತಿರ ಕೂತೆ. ದಾರ ಹಿಡಿ ಎಂದು ಎಂದಿನಂತೆ ಹೇಳಲಿಲ್ಲ. ಮುಗಿಸಿ, ಹಲ್ಲಿನಿಂದ ದಾರ ಕಡಿದು, "ಇನ್ನು ಇದು ಬಿಚ್ಚಿ ಬರಲ್ಲ," ಎಂದು ಯಾರಿಗೋ ಹೇಳಿದರು.

ಚಾದರ ಒಣಹಾಕಿದವಳು ನಾನು. ಮೆಷಿನ್ ಚೆನ್ನಾಗಿ ಹಿಂಡಿತ್ತು, ಒಂದು ಹನಿ ನೀರಿಲ್ಲ, ತಂತಿ ಜಗ್ಗಲಿಲ್ಲ. ಒಂಬತ್ತು ಚಾದರ. ತಿರುಗಿ ನೋಡಿದೆ. ಕಿಟಕಿ ತೆರೆದೇ ಇತ್ತು, ಅಲ್ಲಿಂದ ಎಲ್ಲವೂ ಕಾಣುತ್ತಿತ್ತು.